ಅರಿವಿನ ತಿಂಗಳಲ್ಲಿ ಅರಿವಿ ತರಲು ಹೋದದ್ದು

ನನಗೊಂದು ಚಟವಿದೆ. ಬೆಳಿಗ್ಗೆ ಎದ್ದವಳೇ ಮುಖ ತೊಳೆಯುವ ಮೊದಲು ಮೊಬೈಲು ತೆಗೆದು ಇವತ್ತು ಏನು ದಿನ ಎಂದು ನೋಡುತ್ತೇನೆ. ಸೋಮವಾರವೋ ಮಂಗಳವಾರವೋ ಎಂದಲ್ಲ, ಅದು ಸಂತೆಯ ಗದ್ದಲದಿಂದಲೇ ತಿಳಿಯುತ್ತದೆ. ಇವತ್ತು ಕೈ ತೊಳೆಯುವ ದಿನವೋ, ಕಣ್ಣಿನ ದಿನವೋ, ಕೋಳಿಮೊಟ್ಟೆಯ ದಿನವೋ ಎಂದು. ನೆರೆಮನೆಯವರು ಪಂಚಾಂಗ ನೋಡಿ ದಿನ ಶುರು ಮಾಡುತ್ತಾರೆ. ನಾವು ಕ್ರೈಸ್ತರು, ನಮ್ಮ ಮನೆಯಲ್ಲಿ ಪಂಚಾಂಗವಿಲ್ಲ. ಇಲ್ಲದ್ದನ್ನು ಮನುಷ್ಯ ಹೇಗಾದರೂ ಮಾಡಿಕೊಳ್ಳುತ್ತಾನೆ ನೋಡಿ, ನನ್ನ ಪಂಚಾಂಗ ಮೊಬೈಲಿಗೆ ಬಂದು ಕೂತಿದೆ. ಅದರಲ್ಲಿ ರಾಹುಕಾಲ ಒಂದಿಲ್ಲ, ಉಳಿದದ್ದೆಲ್ಲ ಇದೆ.

ಅಕ್ಟೋಬರ್ ಬಂತೆಂದರೆ ಈ ಪಂಚಾಂಗಕ್ಕೆ ಹುಚ್ಚು ಹಿಡಿಯುತ್ತದೆ. ಹಿರಿಯರ ದಿನ ಆ ತಿಂಗಳಲ್ಲೇ, ಮನಸ್ಸಿನ ಆರೋಗ್ಯದ ದಿನ ಆ ತಿಂಗಳಲ್ಲೇ, ಕೈ, ಕಣ್ಣು, ಊಟ ಎಲ್ಲಕ್ಕೂ ಒಂದೊಂದು ದಿನ. ಇವೆಲ್ಲದರ ಮೇಲೆ ಇಡೀ ತಿಂಗಳೇ ಹೆಣ್ಣುಮಕ್ಕಳ ಎದೆಯ ಕ್ಯಾನ್ಸರಿನ ಬಗ್ಗೆ ತಿಳಿಯುವ ತಿಂಗಳು. ಅದಕ್ಕೆ ಗುಲಾಬಿ ಬಣ್ಣ. ಇಷ್ಟೊಂದು ತಿಳಿವಳಿಕೆ ಒಂದೇ ತಿಂಗಳಲ್ಲಿ ಬಂದು ಬಿದ್ದರೆ ಉಳಿದ ಹನ್ನೊಂದು ತಿಂಗಳು ನಾವೇನು ಮಾಡಬೇಕೆಂದು ಯಾರೂ ಹೇಳಿಲ್ಲ. ಬಹುಶಃ ಮರೆಯಬೇಕು.

ನಮ್ಮದು ಬನಹಟ್ಟಿ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಮಗ್ಗಗಳು. ನಮ್ಮಪ್ಪನವೂ ಎರಡಿವೆ. ಮಗ್ಗದ ಸಪ್ಪಳದಲ್ಲಿ ಹುಟ್ಟಿ ಬೆಳೆದವರಾದ್ದರಿಂದ ನಾವೆಲ್ಲ ಗುಟ್ಟನ್ನೂ ಕೂಗಿಯೇ ಹೇಳುತ್ತೇವೆ. ನಾನು ದಿನಾ ಬಸ್ಸು ಹಿಡಿದು ಜಮಖಂಡಿಯ ಒಂದು ಖಾಸಗಿ ಶಾಲೆಗೆ ಪಾಠ ಹೇಳಲು ಹೋಗುತ್ತೇನೆ. ಭಾನುವಾರ ನಮ್ಮ ಪುಟ್ಟ ಚರ್ಚಿನ ಯೌವನಸ್ಥರ ಸಂಘದ ಕಾರ್ಯದರ್ಶಿಯಾಗುತ್ತೇನೆ. ಸಂಘದಲ್ಲಿ ಯೌವನಸ್ಥರು ಬೆರಳಿನಲ್ಲಿ ಎಣಿಸುವಷ್ಟಿದ್ದೇವೆ, ಹೀಗಾಗಿ ಪದವಿಯಿಲ್ಲದವರು ಯಾರೂ ಇಲ್ಲ.

ಹೋದ ವರ್ಷದ ಹಿಂದಿನ ವರ್ಷ ನನ್ನ ತಲೆಗೆ ಹೊಳೆಯಿತು. ನಮ್ಮ ಚರ್ಚಿಗೆ ವಿಶೇಷ ಕಾಲಗಳೇನು ಹೊಸತಲ್ಲ. ಕ್ರಿಸ್ಮಸ್ಸಿಗೆ ಮುಂಚಿನ ವಾರಗಳು ಕಾಯುವುದಕ್ಕೆ, ಗುಡ್ ಫ್ರೈಡೇಗೆ ಮುಂಚಿನ ದಿನಗಳು ಪಶ್ಚಾತ್ತಾಪಕ್ಕೆ. ಅಂದಮೇಲೆ ಅಕ್ಟೋಬರಿನ ಒಂದೊಂದು ಭಾನುವಾರ ಒಂದೊಂದು ವಿಷಯದ ಅರಿವಿಗೆ ಯಾಕಿರಬಾರದು? ಸಭಾಪಾಲಕರು ಗದಗಿನ ಕಡೆಯಿಂದ ಹೊಸದಾಗಿ ಬಂದವರು, ಯಾರಿಗೂ ಇಲ್ಲವೆನ್ನಲು ಬಾರದವರು. ಒಪ್ಪಿದರು. ನಾನು ಗೇಟಿನ ಪಕ್ಕದ ಕರಿಹಲಗೆಯ ಮೇಲೆ ದುಂಡಗೆ ಬರೆದೆ: ‘ಅಕ್ಟೋಬರ್, ಅರಿವಿನ ತಿಂಗಳು. ಎಲ್ಲರಿಗೂ ಸ್ವಾಗತ.’

ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಹೆಂಗಸರು ಗುಂಪು ಕಟ್ಟಿ ನಿಂತಿದ್ದರು. ಒಬ್ಬಳು ಕೇಳಿಯೇಬಿಟ್ಟಳು, “ಯಾವ ಅರಿವಿರಿ ಬಾಯಾರ? ಸೀರೀನೋ, ಬರೇ ಜಂಪರ್ ಪೀಸೋ? ದೀಪಾವಳಿಗೆ ರೇಟ್ ಏನರ ಇಳಿಸೀರಿ?”

ನಮ್ಮ ಕಡೆ ಅರಿವಿ ಎಂದರೆ ಬಟ್ಟೆ. ಒಗೆಯುವುದು ಅರಿವಿ, ಉಡುವುದು ಅರಿವಿ, ನೇಯುವುದೂ ಅರಿವಿ. ಶರಣರ ನಾಡಿನಲ್ಲಿ ಅರಿವು ದೊಡ್ಡ ಮಾತು, ಒಪ್ಪೋಣ. ಆದರೆ ನೇಕಾರರ ಓಣಿಯಲ್ಲಿ ಅದಕ್ಕಿಂತ ದೊಡ್ಡದು ಅರಿವಿ. ಎರಡಕ್ಕೂ ಒಂದು ಗುಣಿತದ ಫರಕು. ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಒಂದು ಕೆಂಪು ಅರಿವಿ ಕಟ್ಟಿರುತ್ತಾರೆ, ಹಿಂದಿನ ಗಾಡಿಯವನು ನೋಡಿ ಎಚ್ಚರವಾಗಲಿ ಎಂದು. ಅಲ್ಲಿ ಅರಿವೂ ಅರಿವಿಯೂ ಒಂದೇ ಆಗಿಬಿಟ್ಟಿವೆ. ಈ ವಿಚಾರ ನನಗೆ ಆವತ್ತು ಹೊಳೆದಿದ್ದರೆ ಹೆಂಗಸರಿಗೆ ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದೆ. ಹೊಳೆಯಲಿಲ್ಲ, ಸುಮ್ಮನೆ ಹಲಗೆ ಒರೆಸಿದೆ.

ಸಭಾಪಾಲಕರು “ಜಾಗೃತಿ ಅನ್ನೂಣು, ಅದರಾಗ ತಪ್ಪು ತಿಳಕೊಳ್ಳೂದೇನೂ ಇಲ್ಲ” ಎಂದರು. ಅಪ್ಪ ಮಗ್ಗದಿಂದ ಒಂದಿಷ್ಟು ಗುಲಾಬಿ ಬಟ್ಟೆ ಇಳಿಸಿಕೊಟ್ಟರು. ಅದರ ಮೇಲೆ ‘ಜಾಗೃತಿ ಮಾಸ’ ಎಂದು ಬರೆಸಿ ಚರ್ಚಿನ ಬಾಗಿಲ ಮೇಲೆ ಕಟ್ಟಿದೆವು. ಮಿಕ್ಕ ಬಟ್ಟೆಯಿಂದ ಎದೆಗೆ ಸಿಕ್ಕಿಸುವ ಗುಲಾಬಿ ಪಟ್ಟಿಗಳಾದವು.

ಆ ತಿಂಗಳ ನನ್ನ ಭಾಷಣಗಳ ಬಗ್ಗೆ ಹೆಚ್ಚು ಕೇಳಬೇಡಿ. ಹಿರಿಯರ ಭಾನುವಾರ ನಮ್ಮ ಆಯಿಗೆ, ಅಂದರೆ ನನ್ನ ಅಜ್ಜಿಗೆ, ಶಾಲು ಹೊದಿಸಿದೆವು. ಆಕೆ ಶಾಲು ಮುಟ್ಟಿ ನೋಡಿ, ನೂಲು ಛಲೋ ಇಲ್ಲವೆಂದು ತೀರ್ಪು ಕೊಟ್ಟು, “ವರ್ಷಕ್ಕ ಒಂದ ದಿನಾನ ಏನಬೇ ನಂದು? ಉಳಿದ ದಿನಾ ಯಾರ್ವು?” ಎಂದಳು. ಮನಸ್ಸಿನ ಭಾನುವಾರ, ಯಾರಿಗೆ ಏನು ನೋವಿದ್ದರೂ ಮನಬಿಚ್ಚಿ ಹೇಳಿರೆಂದು ಕೇಳಿಕೊಂಡೆ. ಕೊನೆಗೆ ಸಭೆಯ ಹಿರಿಯರಾದ ದಾನಿಯೇಲ ಮಾಸ್ತರು, ಬೀಳಗಿಯಲ್ಲಿ ಸಾಲಿ ಕಲಿಸಿ ನಿವೃತ್ತರಾದವರು, ಎದ್ದು ನಿಂತು, “ಮನಸ್ಸಿಗಿ ಏನೂ ಆಗಿಲ್ಲವಾ, ಮೊಣಕಾಲ ನೋಯ್ತಾವ” ಎಂದು ಕೂತರು. ಕೈ ತೊಳೆಯುವ ಭಾನುವಾರ ನೂಲಿಗೆ ಬಣ್ಣ ಹಾಕುವ ಮಾಮಾ ಒಬ್ಬರು ತಮ್ಮ ನೀಲಿ ಅಂಗೈ ಎತ್ತಿ ತೋರಿಸಿ, “ಇದು ತೊಳದ ಕೈನ ಐತಿ ನೋಡವಾ” ಎಂದರು.

ಕೊನೆಯ ಭಾನುವಾರ ಗುಲಾಬಿಯದು. ನಾನು ಓದಿಕೊಂಡು ಬಂದಿದ್ದೆ, ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದುರಿಗೆ ಒಂದು ಕಡೆ ಗಂಡಸರು, ಅವರ ನಡುವೆ ನಮ್ಮಪ್ಪ. ನಾಲಿಗೆಯ ತುದಿಯಲ್ಲಿದ್ದದ್ದು ಅಲ್ಲೇ ಉಳಿಯಿತು. ‘ಹೆಣ್ಣುಮಕ್ಕಳ ಒಂದು ಅಂಗ’ ಎಂದು ಶುರು ಮಾಡಿ, ‘ಆ ಅಂಗದಲ್ಲಿ ಗಂಟು ಕಂಡರೆ’ ಎಂದು ಮುಂದುವರಿಸಿ, ‘ನಾಚದೆ ವೈದ್ಯರಿಗೆ ತೋರಿಸಬೇಕು’ ಎಂದು ನಾಚುತ್ತಲೇ ಮುಗಿಸಿದೆ. ಮನೆಗೆ ಬರುವಾಗ ಆಯಿ ಕೇಳಿದಳು, “ಅಂಗ ಅಂಗ ಅಂದೆಲ್ಲ, ಯಾವ ಅಂಗಬೇ ಅದು? ನಾ ಮೊಣಕಾಲ ಅನಕೊಂಡೆ.” ಮಾಸ್ತರ ಪ್ರಭಾವ. ಅರಿವು ಮೂಡಿಸಲು ಹೊರಟವಳು ಅದಕ್ಕೆ ಮೊಳದುದ್ದ ಅರಿವಿ ಸುತ್ತಿ ಮುಚ್ಚಿ ಕೂಡಿಸಿದ್ದೆ.

ಆದರೆ ಮನೆಗೆ ಹೊರಡುವ ಮೊದಲೇ ಒಂದು ಸಂಗತಿ ನಡೆದಿತ್ತು. ಆರಾಧನೆ ಮುಗಿದು ಜನ ಚದುರಿದ ಮೇಲೆ ಆಯಿಯನ್ನು ಬೆಂಚಿನ ಮೇಲೆ ಕೂರಿಸಿ ನಾನು ಹಿಂದಿನ ಬಾಗಿಲು ಹಾಕಲು ಹೋದೆ. ಅಲ್ಲಿ ಕಾಶವ್ವ ಚಿಗವ್ವ ನಿಂತಿದ್ದಳು, ಸೆರಗಿನಡಿ ಏನನ್ನೋ ಹಿಡಿದುಕೊಂಡು. ಕಾಶವ್ವ ನಮ್ಮ ಎದುರುಮನೆಯವಳು. ಹುಟ್ಟಿನಿಂದ ಅಲ್ಲ, ಓಣಿಯ ಲೆಕ್ಕದಲ್ಲಿ ನನಗೆ ಚಿಗವ್ವ. ದಿನಾ ಮಧ್ಯಾಹ್ನ ನಮ್ಮ ಮಗ್ಗದ ಮನೆಯಲ್ಲಿ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುತ್ತಾಳೆ. ಅವಳ ಗಂಡ ಮಲ್ಲಪ್ಪ ಕಾಕಾ ತಮ್ಮ ಮನೆಯಲ್ಲೇ ಮಗ್ಗ ನಡೆಸುತ್ತಾರೆ. ಮಗಳು ಗೀತಾಳಿಗೆ ತೇರದಾಳದ ಒಂದು ಮನೆತನದೊಂದಿಗೆ ಮದುವೆಯ ಮಾತುಕತೆ ನಡೆದಿತ್ತು.

ಸೆರಗು ಸರಿಸಿದಳು. ತೆಂಗಿನಕಾಯಿ.

“ರೂತವ್ವಾ, ನಿಮ್ಮ ದೇವರು ಜಾಗೃತ ಆಗ್ಯಾನಂತಲ್ಲ. ಗೀತಾ ಓದಿ ಹೇಳಿದ್ಲು, ಬಾಗಲದ ಮ್ಯಾಲ ಬರದೀರಂತ.”

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಎಲ್ಲ ದೇವರೂ ದೇವರೇ, ಆದರೆ ಬೇಡಿದ್ದನ್ನು ತಟ್ಟನೆ ಕೊಡುವವನು ಮಾತ್ರ ‘ಜಾಗೃತ ದೇವರು’. ಆ ಗುಡಿಯ ದೇವರು ಭಾಳ ಜಾಗೃತ ಎಂಬ ಸುದ್ದಿ ಹುಟ್ಟಿದರೆ ಸಾಕು, ಮುಧೋಳದಿಂದಲೂ ಜನ ಬಸ್ಸು ಹಿಡಿದು ಬರುತ್ತಾರೆ. ಸಭಾಪಾಲಕರು ಗದಗಿನವರು, ಇಷ್ಟು ಯೋಚಿಸಿರಲಿಲ್ಲ. ನಾನು ಇಲ್ಲಿಯವಳೇ, ನಾನೂ ಯೋಚಿಸಿರಲಿಲ್ಲ.

“ದೇವರ ಸುದ್ದಿ ಅಲ್ಲ ಚಿಗವ್ವಾ, ಜಾಗೃತಿ ಮಾಸ ಅಂದ್ರ—”

“ಎಲ್ಲಾ ಒಂದ ಬಿಡ. ತಿಂಗಳ ಮುಗಿಯೂದ್ರಾಗ ಬರಬೇಕಂತ ಬಂದೇನಿ.” ಆಕೆ ಆಚೀಚೆ ನೋಡಿ, ನನ್ನ ಕೈ ಹಿಡಿದು, ಸೆರಗಿನಡಿ ತನ್ನ ಎಡ ಎದೆಯ ಮೇಲೆ ಒತ್ತಿದಳು. ಕುಪ್ಪಸದ ಒಳಗೆ ಹುಣಸೆಬೀಜದಂಥದೊಂದು ಗಟ್ಟಿ ಗಂಟು ನನ್ನ ಬೆರಳಿಗೆ ತಾಗಿತು.

ನನಗೆ ಭಯವಾಯಿತು. ತಾಸಿನ ಹಿಂದೆ ಇದರ ಮೇಲೆಯೇ ಭಾಷಣ ಬಿಗಿದವಳು, ಯಾವಾಗಿನಿಂದ ಇದೆ ಎಂದಷ್ಟೇ ಕೇಳಿದೆ. ಬ್ಯಾಸಗಿಯಿಂದ ಇದೆಯಂತೆ. ಗಂಡನಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ.

“ಹೇಳಿದ್ರ ಓಣಿಗೆ ಗೊತ್ತಾಕ್ಕೈತಿ. ಓಣಿಗೆ ಗೊತ್ತಾದ್ರ ತೇರದಾಳಕ್ಕ ಗೊತ್ತಾಕ್ಕೈತಿ. ರೋಗಿಷ್ಟಿ ಮಗಳು ಅಂತ ಗೀತಾನ ಯಾರ ಮಾಡ್ಕೋತಾರ?”

“ಮತ್ತ ನಮ್ಮ ಚರ್ಚಿಗೆ ಯಾಕ ಬಂದಿ ಚಿಗವ್ವಾ? ನಿಮ್ಮ ದೇವರೂ ಅದಾನಲ್ಲ.”

“ನಮ್ಮ ದೇವರ ಮುಂದ ನಿಂತ್ರ, ಏನ್ ಬೇಡ್ಕೊಂಡಿ ಅಂತ ಪೂಜಾರಿ ಕೇಳತಾನ. ಪೂಜಾರಿ ಹೇಣ್ತಿ ತೇರದಾಳದವ್ರಿಗೆ ತಂಗಿ ಆಗಬೇಕು. ನಿಮ್ಮ ದೇವರಿಗೆ ನಮ್ಮ ಓಣ್ಯಾಗ ಬೀಗರಿಲ್ಲ.”

ದೇವರ ಗುಣಗಳನ್ನು ಪಂಡಿತರು ಬಹಳ ಕಾಲದಿಂದ ಪಟ್ಟಿ ಮಾಡುತ್ತಾ ಬಂದಿದ್ದಾರೆ. ಸರ್ವಶಕ್ತ, ಸರ್ವಜ್ಞ, ಸರ್ವವ್ಯಾಪಿ. ನಾನು ಭಾನುವಾರದ ಶಾಲೆಯಲ್ಲಿ ಅವನ್ನೆಲ್ಲ ಬಾಯಿಪಾಠ ಮಾಡಿ ಬಹುಮಾನ ಪಡೆದವಳು. ಬೀಗರಿಲ್ಲದವನು ಎಂಬ ಗುಣ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಒಬ್ಬ ಹೆಂಗಸು ತನ್ನ ಎದೆಯ ಗಂಟನ್ನು ಹೇಳಿಕೊಳ್ಳಬೇಕಾದರೆ ಅದಕ್ಕಿಂತ ದೊಡ್ಡ ಗುಣ ಯಾವುದು ಬೇಕು?

ಅಷ್ಟರಲ್ಲಿ ಸಭಾಪಾಲಕರು ಬಂದರು. ಕಾಶವ್ವ ಕಾಯಿ ಮುಂದೆ ಚಾಚಿದಳು. ಅವರು ಕಾಯಿ ನೋಡಿದರು, ನನ್ನ ಮುಖ ನೋಡಿದರು. ನಮ್ಮಲ್ಲಿ ಕಾಯಿ ಒಡೆಯುವ ಪದ್ಧತಿಯಿಲ್ಲ, ಇಲ್ಲವೆನ್ನುವ ಪದ್ಧತಿ ಅವರಲ್ಲಿಲ್ಲ. ಏನಾಗಿದೆಯೆಂದು ಅವರು ಕೇಳಲಿಲ್ಲ, ಅದೊಂದಕ್ಕೆ ನಾನು ಅವರಿಗೆ ಜೀವನಪೂರ್ತಿ ಋಣಿ. ಆ ಇಕ್ಕಟ್ಟಿನಲ್ಲಿ ನನ್ನ ಬಾಯಿಂದ ಒಂದು ಹೊಸ ಸಿದ್ಧಾಂತ ಹೊರಟಿತು.

“ನಮ್ಮ ದೇವರ ಪದ್ಧತಿ ಹಂಗ ಐತಿ ಚಿಗವ್ವಾ. ಮೊದಲ ಡಾಕ್ಟರ್, ಆಮ್ಯಾಲ ಕಾಯಿ.”

ಸಭಾಪಾಲಕರು ಕೆಮ್ಮಿದರು. ಆದರೆ ತಿದ್ದಲಿಲ್ಲ. “ಕಾಯಿ ಇಲ್ಲೇ ಇಟ್ಟಿರ್ತೇವಿ ತಾಯಿ, ನೀವು ಹೋಗಿ ಬರ್ರಿ” ಎಂದು ಅದನ್ನು ಮೇಜಿನ ಮೇಲೆ ಹೂದಾನಿಯ ಪಕ್ಕ ಇಟ್ಟು, ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಕಾಶವ್ವ ಕಣ್ಣು ಮುಚ್ಚಲಿಲ್ಲ, ಕಾಯಿಯನ್ನೇ ನೋಡುತ್ತ ನಿಂತಳು.

ಮರುದಿನ ನಾನು ಶಾಲೆಗೆ ಹೊರಟಾಗ ಆಕೆಯೂ ಹೊರಟಳು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತವರು ಬಿಡುತ್ತಾರೆಯೇ?

“ಎಲ್ಲಿಗಿ ಹೊಂಟೀರಿ ಇಬ್ಬರೂ?”

ನಾನು ಬಾಯಿ ತೆರೆದೆ, ಸುಳ್ಳು ಹೊಳೆಯಲಿಲ್ಲ. ಕಾಶವ್ವನಿಗೆ ಹೊಳೆಯಿತು. “ಅರಿವಿ ತರಾಕ. ಗೀತಾಗ.”

ನಲ್ಲಿಯ ಸುತ್ತ ನಗೆಯೋ ನಗೆ. ಬನಹಟ್ಟಿಯ ನೇಕಾರ ಹೆಂಗಸು ಅರಿವಿ ತರಲು ಜಮಖಂಡಿಗೆ ಹೋಗುವುದೆಂದರೆ ಸಮೀರವಾಡಿಯವರು ಸಕ್ಕರೆ ತರಲು ಬೇರೆ ಊರಿಗೆ ಹೋದಂತೆ. “ನಮ್ಮೂರಾಗಿನ ಅರಿವಿ ಕಣ್ಣಿಗಿ ಕಾಣ್ಲಿಲ್ಲೇನ ಕಾಶವ್ವಾ?” ಎಂದು ಒಬ್ಬಳು ಕೂಗಿದಳು. ಕಾಶವ್ವ ಹಿಂದೆ ನೋಡಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು ನನ್ನ ಕೈಯನ್ನು ಜಮಖಂಡಿ ಬರುವವರೆಗೂ ಬಿಡಲಿಲ್ಲ.

ಜಮಖಂಡಿಯ ಲೇಡಿ ಡಾಕ್ಟರು ಗಂಟನ್ನು ಮುಟ್ಟಿ ನೋಡಿ, ತಡ ಮಾಡಬೇಡಿ, ಮೀರಜದ ದೊಡ್ಡ ಆಸ್ಪತ್ರೆಗೆ ಹೋಗಿ ಎಂದರು. ಮೀರಜಕ್ಕೆ ‘ಅರಿವಿ ತರಾಕ’ ಎಂದು ಹೋಗುವಂತಿರಲಿಲ್ಲ, ಗಂಡನಿಗೆ ಹೇಳಲೇಬೇಕಿತ್ತು. ಆ ಸಂಜೆ ಎದುರುಮನೆಯ ಮಗ್ಗ ಇದ್ದಕ್ಕಿದ್ದಂತೆ ನಿಂತಿತು. ಕರೆಂಟ್ ಇದೆ, ಮಗ್ಗ ನಿಂತಿದೆ ಎಂದರೆ ನಮ್ಮ ಓಣಿಯಲ್ಲಿ ಏನೋ ಆಗಿದೆ ಎಂದೇ ಅರ್ಥ. ನಾನೂ ಅಪ್ಪನೂ ಹೋದಾಗ ಮಲ್ಲಪ್ಪ ಕಾಕಾ ಮಗ್ಗದ ಮುಂದೆ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು.

“ಇಷ್ಟ ದಿನಾ ನನಗ ಒಂದ ಮಾತ ಹೇಳಬಾರದಿತ್ತ?” ಎಂದರು.

“ಮಗ್ಗದ ಸಪ್ಪಳದಾಗ ನಿಮಗ ಕೇಳಸ್ತಿತ್ತೇನ್ರಿ?” ಎಂದಳು ಕಾಶವ್ವ. ಬೈಗುಳವಾಗಿ ಅಲ್ಲ, ನಿಜವಾಗಿ ಕೇಳುವವಳಂತೆ. ಮರುದಿನ ಅವರೇ ಮಗ್ಗ ಬಿಟ್ಟು ಹೆಂಡತಿಯನ್ನು ಮೀರಜಕ್ಕೆ ಕರೆದುಕೊಂಡು ಹೋದರು.

ಅದು ಅದೇ ರೋಗವಾಗಿತ್ತು. ಆದರೆ ಬೇಗ ಬಂದಿದ್ದೀರಿ ಎಂದರಂತೆ. ಆಪರೇಷನ್ ಆಯಿತು, ಆಮೇಲೆ ಔಷಧಿಗಳು, ಕೂದಲು ಹೋಯಿತು, ನಾಲಿಗೆ ರುಚಿ ಕಳೆದುಕೊಂಡಿತು. ಆಯಿ ದಿನಾ ಜೋಳದ ಅಂಬಲಿ ಕಾಯಿಸಿ ಕೊಡುತ್ತಿದ್ದಳು. ಯಾವ ಅಂಗ ಎಂಬುದು ಆಯಿಗೆ ಈಗ ಚೆನ್ನಾಗಿ ತಿಳಿದಿತ್ತು.

ಮೀರಜಕ್ಕೆ ಹೊರಡುವ ಮೊದಲು ಕಾಶವ್ವ ಒಂದು ಕಟ್ಟಪ್ಪಣೆ ಮಾಡಿದ್ದಳು. “ನಾ ಬರೂತನಕ ಆ ಬೋರ್ಡ ಇಳಸಬ್ಯಾಡ ರೂತವ್ವಾ. ಬೋರ್ಡ ತಗದ್ರ ದೇವರು ಮಲಕೊಂಡ ಬಿಟ್ಟಾನು.” ಹೀಗಾಗಿ ನಮ್ಮ ಚರ್ಚಿನ ಅಕ್ಟೋಬರ್ ಮುಗಿಯಲೇ ಇಲ್ಲ. ಕ್ರಿಸ್ಮಸ್ ನಕ್ಷತ್ರ ‘ಜಾಗೃತಿ ಮಾಸ’ದ ಮೇಲೆಯೇ ತೂಗಿತು. ಹೊಸ ವರ್ಷದ ಆರಾಧನೆ ಅದರ ಕೆಳಗೇ ನಡೆಯಿತು. ಗುಲಾಬಿ ಬಣ್ಣ ಬಿಸಿಲಿಗೆ ಮಾಸಿ ಈರುಳ್ಳಿ ಸಿಪ್ಪೆಯಂತಾಯಿತು. ಕೇಳಿದವರಿಗೆ ಸಭಾಪಾಲಕರು, “ತಿಂಗಳು ಇನ್ನೂ ಮುಗದಿಲ್ರಿ” ಎನ್ನುತ್ತಿದ್ದರು.

ಎಚ್ಚರದ ವಿಷಯ ಬಂದಾಗ ನನಗೆ ಯೇಸುಸ್ವಾಮಿಯ ಕೊನೆಯ ರಾತ್ರಿ ನೆನಪಾಗುತ್ತದೆ. ತೋಟದಲ್ಲಿ ಆತ ಸಂಕಟಪಡುತ್ತ, ಸ್ವಲ್ಪ ಹೊತ್ತು ನನ್ನೊಡನೆ ಎದ್ದಿರಿ ಎಂದು ಗೆಳೆಯರನ್ನು ಕೇಳಿಕೊಂಡ. ಅವರು ಮಲಗಿಬಿಟ್ಟರು. ಚಿಕ್ಕವಳಿದ್ದಾಗ ನನಗೆ ಆ ಶಿಷ್ಯರ ಮೇಲೆ ಬಹಳ ಸಿಟ್ಟು. ಈಗ ಇಲ್ಲ. ಆತ ಕೇಳಿದ್ದು ಭಾಷಣ ಅಲ್ಲ, ಗುಲಾಬಿ ಪಟ್ಟಿ ಅಲ್ಲ, ಪಕ್ಕದಲ್ಲಿ ಎಚ್ಚರವಾಗಿರುವ ಒಬ್ಬ ಮನುಷ್ಯನನ್ನು. ಕಾಶವ್ವ ನಮ್ಮ ಮನೆಯಲ್ಲೇ ದಿನಾ ರಾಟಿ ತಿರುಗಿಸುತ್ತಿದ್ದಳು, ಎಡಗೈ ಒಮ್ಮೊಮ್ಮೆ ನಿಲ್ಲಿಸಿ ಎದೆಗೆ ಒತ್ತಿಕೊಳ್ಳುತ್ತಿದ್ದಳು. ಶಾಲೆ ಇಲ್ಲದ ದಿನ ನಾನು ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಇವತ್ತು ಏನು ದಿನ ಎಂದು ನೋಡುತ್ತಿದ್ದೆ.

ಬೇಸಿಗೆಯ ಹೊತ್ತಿಗೆ ಕಾಶವ್ವ ಗಟ್ಟಿಯಾದಳು. ನಮ್ಮ ಚರ್ಚಿನ ಸುಗ್ಗಿ ಹಬ್ಬದಲ್ಲಿ ಜನ ತಂದ ಕಾಳುಕಡಿ, ಕುಂಬಳಕಾಯಿಗಳ ಜೊತೆ ಆ ತೆಂಗಿನಕಾಯಿಯನ್ನೂ ಲಿಲಾವಿಗೆ ಇಟ್ಟರು. ಅಪ್ಪ ಬಿಟ್ಟುಕೊಡದೆ ಬೆಲೆ ಕೂಗಿ ಹಿಡಿದರು. ಒಣಗಿ ಕೊಬ್ಬರಿಯಾಗಿತ್ತು, ಆಯಿ ಅದನ್ನು ಚಟ್ನಿಪುಡಿಗೆ ಕುಟ್ಟಿದಳು. ಒಂದು ಡಬ್ಬಿ ಎದುರುಮನೆಗೆ ಹೋಯಿತು. ಕಾಶವ್ವ ಬೆರಳಿಗೆ ಹಚ್ಚಿಕೊಂಡು ನೆಕ್ಕಿ, “ನಾಲಿಗಿ ಬಂತ ನೋಡ” ಎಂದಳು. ಅವತ್ತು ನಾವು ಬ್ಯಾನರ್ ಇಳಿಸಿದೆವು.

ಆದರೆ ತೇರದಾಳ ಉಳಿದಿತ್ತು. ಕಾಶವ್ವ ಗುಣವಾಗುತ್ತಲೇ, ಮುಚ್ಚಿಟ್ಟು ಮಗಳನ್ನು ಕೊಡುವುದಿಲ್ಲವೆಂದು, ಇದ್ದದ್ದನ್ನೆಲ್ಲ ತಾನೇ ಅವರಿಗೆ ಹೇಳಿ ಕಳಿಸಿದಳು. ಆಮೇಲೆ ಆ ಕಡೆಯಿಂದ ಸದ್ದಿಲ್ಲ. ವಾರಗಳು ಹೋದವು. ಗೀತಾ ಏನೂ ಆಗದವಳಂತೆ ಓಡಾಡಿಕೊಂಡಿದ್ದಳು. ಅವಳು ಎದುರಾದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ. ಮೊದಲ ಡಾಕ್ಟರ್ ಎಂದು ದೇವರ ಹೆಸರಿನಲ್ಲಿ ಹೇಳಿದವಳು ನಾನು. ಈ ಮದುವೆ ಮುರಿದರೆ ಅದೂ ನನ್ನ ತಲೆಗೇ ಬರಬೇಕಲ್ಲ.

ಒಂದು ಭಾನುವಾರ ಮಧ್ಯಾಹ್ನ ತೇರದಾಳದ ಹುಡುಗನ ತಾಯಿ ಒಬ್ಬಳೇ ಬಂದಿಳಿದಳು. ಕಾಶವ್ವನ ಮನೆಯ ಬಾಗಿಲಿಗೆ ಬೀಗ ಹಾಕಿದ್ದು ಕಂಡು, ಕೇಳಿಕೊಂಡು, ನಮ್ಮ ಮಗ್ಗದ ಮನೆಗೇ ಬಂದಳು. ಒಬ್ಬಳೇ ಬಂದಿದ್ದಾಳೆಂದರೆ ಮುರಿಯಲಿಕ್ಕೇ ಎಂದುಕೊಂಡೆ. ಕಾಶವ್ವ ರಾಟಿ ಬಿಟ್ಟು ಏಳಲಿಲ್ಲ, ಕುಳಿತಲ್ಲೇ ಚಾಪೆ ಸರಿಸಿದಳು. ನಾನು ನೀರು ತಂದುಕೊಟ್ಟೆ. ಆಕೆ ನೀರು ಕುಡಿದು, ಮಳೆ ಬೆಳೆ ಮಾತಾಡಿ, ನೂಲಿನ ಧಾರಣೆ ಕೇಳಿ, ಅಪ್ಪ ಚಹಾಕ್ಕೆಂದು ಹೊರಗೆ ಹೋದದ್ದೇ ಹತ್ತಿರ ಸರಿದಳು.

“ಪೂಜಾರಿ ಹೇಣ್ತಿ, ನಮ್ಮ ತಂಗಿ, ಹೇಳಿದ್ಲು. ನೀವು ಜಮಖಂಡಿಗಿ ಅರಿವಿ ತರಾಕ ಹೋಗಿದ್ರಂತ.”

ಕಾಶವ್ವ ತಲೆ ತಗ್ಗಿಸಿದಳು. “ಹೌದ್ರಿ. ಸುಳ್ಳ ಹೇಳಿದ್ದೆ.”

“ಅದಲ್ರಿ ಬೀಗತೇರ.” ಆಕೆಯ ದನಿ ಮಗ್ಗದ ಸಪ್ಪಳಕ್ಕಿಂತ ಕೆಳಗಿಳಿಯಿತು. ನಮ್ಮ ಓಣಿಯಲ್ಲಿ ನಾನು ಕೇಳಿದ ಮೊದಲ ಪಿಸುಮಾತು ಅದು. “ಆ ಅರಿವಿ ಅಂಗಡಿ ಎಲ್ಲಿ ಬರತೈತ್ರಿ? ನನಗೂ ಒಂದೀಟ ನೋಡೂದೈತಿ.”

ರಾಟಿ ನಿಂತಿತು. ಕಾಶವ್ವ ಆಕೆಯ ಮುಖ ನೋಡಿದಳು, ಸೆರಗು ಬಿಗಿಯಾಗಿ ಹಿಡಿದ ಕೈ ನೋಡಿದಳು. ಬೀಗತೇರ ಎಂದು ಕರೆದದ್ದನ್ನು ಆಕೆ ಕೇಳಿಸಿಕೊಂಡಳೋ ಇಲ್ಲವೋ, ನಾನಂತೂ ಕೇಳಿಸಿಕೊಂಡೆ.

“ಇವತ್ತ ಇಲ್ಲೇ ಇರ್ರಿ” ಎಂದಳು ಕಾಶವ್ವ. “ರೂತವ್ವಾ, ನಾಳೆ ಬಸ್ಸಿನಾಗ ನಮಗಿಬ್ಬರಿಗೂ ಜಾಗಾ ಹಿಡಿ.”

ಬೆಳಿಗ್ಗೆ ಮೂವರೂ ಹೊರಟೆವು. ಅವತ್ತು ಏನು ದಿನವೆಂದು ನಾನು ಮೊಬೈಲಿನಲ್ಲಿ ನೋಡಿರಲಿಲ್ಲ. ನಲ್ಲಿಯ ಹತ್ತಿರ ಎಂದಿನಂತೆ ಕೊಡ ಹಿಡಿದು ನಿಂತವರು ಎಂದಿನಂತೆ ಕೇಳಿದರು, “ಎಲ್ಲಿಗಿ ಹೊಂಟೀರಿ?”

ನಾನು ಬಾಯಿ ತೆರೆಯುವ ಮೊದಲೇ ತೇರದಾಳದ ಬೀಗತಿ ಹೇಳಿದಳು, “ಅರಿವಿ ತರಾಕ್ರಿ.”

ಈ ಸಲ ಯಾರೂ ನಗಲಿಲ್ಲ. ಕೊಡ ತುಂಬುತ್ತಿದ್ದ ಮುದುಕಿಯೊಬ್ಬಳು ನಲ್ಲಿ ತಿರುವಿ ನೀರು ನಿಲ್ಲಿಸಿ, “ಲಗೂ ಹೋಗ್ರಿ ಯವ್ವಾ, ಬಸ್ಸ ಬರೂ ಹೊತ್ತಾತು” ಎಂದಳು.